ಹೆಂಗಸರ ಬಾಗಿಲು

ಸಂಡಾಸಿಗೆ ಬೀಗ ಬಿದ್ದದ್ದು ಮಂಗಳವಾರ. ಮೊದಲು ಕಂಡವಳು ರುದ್ರವ್ವ. ಅದನ್ನು ತೊಳೆಯುವವಳೇ ಅವಳು.

ನಸುಕಿನಲ್ಲಿ ಪೊರಕೆ, ಬಕೆಟ್ಟು, ಫಿನೈಲ್ ಡಬ್ಬಿ ಹಿಡಿದು ಬಂದಳು. ಹೆಂಗಸರ ಕಡೆಯ ಕಬ್ಬಿಣದ ಬಾಗಿಲಿಗೆ ಸರಪಳಿ ಸುತ್ತಿತ್ತು. ಸರಪಳಿಗೆ ಅಂಗೈ ಅಗಲದ ಬೀಗ. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ರಾತ್ರೋರಾತ್ರಿ ಇಟ್ಟಿಗೆಯ ಕಟ್ಟೆ ಎದ್ದಿತ್ತು. ಕಟ್ಟೆಯ ಮೇಲೆ ಕರಿಕಲ್ಲಿನ ದೇವಿ. ಕಟ್ಟೆಯ ಸಿಮೆಂಟು ಇನ್ನೂ ಹಸಿ.

ಹಿಂದೆ ನೀರಿನ ಡಬ್ಬಿ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ನರ್ಮದಾ ಎಂಬವಳು ಚಪ್ಪಲಿ ಕಳಚಿ ದೇವಿಗೆ ಕೈಮುಗಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಖಾಣಿಯ ಕಡೆ ಓಡಿದಳು.

ಖಡಿ ಮಷಿನ್ ವಸ್ತಿ ಪುಣೆಯ ಅಂಚಿನಲ್ಲಿತ್ತು. ಕಲ್ಲು ಪುಡಿ ಮಾಡುವ ಮಷಿನ್ ನಿಂತು ವರ್ಷಗಳಾಗಿದ್ದವು. ಹೆಸರು ಉಳಿದಿತ್ತು, ಕಲ್ಲು ತೆಗೆದ ದೊಡ್ಡ ಗುಂಡಿ ಉಳಿದಿತ್ತು. ಅದೇ ಖಾಣಿ. ವಿಜಾಪುರ, ಕಲಬುರ್ಗಿ, ಸೋಲಾಪುರದ ಕಡೆಯಿಂದ ದುಡಿಯಲು ಬಂದವರು ಖಾಣಿಯ ಸುತ್ತ ತಗಡಿನ ಪತ್ರಾ ಹೊದಿಸಿ ಮನೆ ಮಾಡಿಕೊಂಡಿದ್ದರು. ತೊಂಬತ್ತೆರಡರ ಚುನಾವಣೆಗೆ ಮುಂಚೆ ಕಾರ್ಪೊರೇಶನ್ ರಸ್ತೆ ಬದಿಗೆ ಸಂಡಾಸು ಕಟ್ಟಿಸಿತ್ತು. ಹೆಂಗಸರಿಗೆ ರಸ್ತೆ ಕಡೆಯ ಬಾಗಿಲು. ಗಂಡಸರಿಗೆ ಹಿಂದಿನ ಬಾಗಿಲು.

ರುದ್ರವ್ವ ಸಿಂದಗಿ ತಾಲೂಕಿನ ಮಾದರ ಕೇರಿಯವಳು. ಗಂಡ ಸತ್ತ ಮೇಲೆ ಸಫಾಯಿ ಕೂಲಿಗಳ ಮುಕಾದಮನ ಕೈಕೆಳಗೆ ದಿನಗೂಲಿಗೆ ಸೇರಿದ್ದಳು. ದಿನಾ ಎರಡೂ ಕಡೆ ತೊಳೆಯಬೇಕು. ಮಳೆಗಾಲದಲ್ಲಿ ಚೇಂಬರು ಕಟ್ಟಿಕೊಂಡರೆ ಮುಚ್ಚಳವನ್ನು ಹಾರೆಯಿಂದ ಎಬ್ಬಿಸಿ, ಬೊಗ್ಗಿ, ತೋಳು ಮುಳುಗಿಸಿ ಹೊಲಸು ಎಳೆಯಬೇಕು. ಕೈಗೆ ಗವಸು ಕೊಟ್ಟಿರಲಿಲ್ಲ. ಎಷ್ಟು ಸಾಬೂನು ತಿಕ್ಕಿದರೂ ಉಗುರಿನ ಸಂದಿಯ ವಾಸನೆ ಹೋಗುತ್ತಿರಲಿಲ್ಲ. ರೊಟ್ಟಿಯನ್ನು ಕಾಗದದಲ್ಲಿ ಹಿಡಿದು ತಿನ್ನುತ್ತಿದ್ದಳು.

ಸಂಡಾಸಿನ ಪಕ್ಕಕ್ಕೆ ಅಪ್ಪಾಸಾಹೇಬನ ಟೈಲ್ಸ್ ಅಂಗಡಿ. ಅವನು ಅಥಣಿ ಕಡೆಯವನು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಸುತ್ತ ಫ್ಲಾಟುಗಳ ಹೊಸ ಹೊಸ ಸೊಸೈಟಿಗಳು ಏಳುತ್ತಿದ್ದವು. ಕಾರಿನಲ್ಲಿ ಬರುವ ಗಿರಾಕಿಗಳು ಮೂಗಿಗೆ ಕರವಸ್ತ್ರ ಹಿಡಿದು ಇಳಿಯುತ್ತಿದ್ದರು. ಡಬ್ಬಿ ಹಿಡಿದ ಹೆಂಗಸರ ಸಾಲು ಅಂಗಡಿಯ ಗಾಜಿನಿಂದ ಕಾಣುತ್ತಿತ್ತು. ಅದನ್ನು ಅಪ್ಪಾಸಾಹೇಬನಿಗೆ ಸಹಿಸಲಾಗುತ್ತಿರಲಿಲ್ಲ.

ಅವನು ಮೊದಲು ಹಚ್ಚಿದ್ದು ಟೈಲ್ಸು. ಸಂಡಾಸಿನ ರಸ್ತೆ ಕಡೆಯ ಗೋಡೆಗೆ ಗಂಡಸರು ನಿಂತು ಉಚ್ಚೆ ಹೊಯ್ಯುತ್ತಾರೆಂದು ದೇವರ ಚಿತ್ರದ ಟೈಲ್ಸನ್ನು ಸಾಲಾಗಿ ಕೂಡಿಸಿದ. ಎಲ್ಲ ಧರ್ಮದ ದೇವರೂ ಇದ್ದರು. ಉಚ್ಚೆ ನಿಂತಿತು. ವಸ್ತಿಯವರು ಒಳ್ಳೆಯದಾಯಿತೆಂದರು. ರುದ್ರವ್ವನೂ ಅಂದಳು, ಅವಳಿಗೆ ಒಂದು ಗೋಡೆ ತೊಳೆಯುವುದು ತಪ್ಪಿತು. ಆಮೇಲೆ ಟೈಲ್ಸಿನ ಮೇಲೊಂದು ಪತ್ರಾ ಬಂತು. ಪತ್ರಾಕ್ಕೊಂದು ಗಂಟೆ ಬಂತು. ಮಿತ್ರ ಮಂಡಳ ಅಂತ ಬೋರ್ಡು ಬಂತು. ತೊಂಬತ್ತಾರರ ಬೇಸಿಗೆಗೆ ದೇವಿಯೇ ಬಂದಳು. ಬಂದು ನೇರ ಹೆಂಗಸರ ಬಾಗಿಲಲ್ಲಿ ಕೂತಳು.

ಗಂಡಸರ ಬಾಗಿಲು ತೆರೆದೇ ಇತ್ತು.

ಹೆಂಗಸರು ಖಾಣಿಗೆ ಹೋಗತೊಡಗಿದರು. ಬೆಳಕು ಹರಿಯುವ ಮೊದಲು ಹೋಗಬೇಕು, ಇಲ್ಲವೆ ಕತ್ತಲಾದ ಮೇಲೆ ಹೋಗಬೇಕು. ನಡುವಿನ ಹೊತ್ತು ತಡೆದುಕೊಳ್ಳಬೇಕು. ಖಾಣಿಯ ಅಂಚಿನಲ್ಲಿ ಹುಡುಗರು ಬ್ಯಾಟರಿ ಬಿಟ್ಟು ನಗುತ್ತಿದ್ದರು. ಕೂತವರು ಎದ್ದು ನಿಲ್ಲುತ್ತಿದ್ದರು, ಬೆಳಕು ಆರಿದ ಮೇಲೆ ಮತ್ತೆ ಕೂರುತ್ತಿದ್ದರು. ಮುಟ್ಟಾದವರ ಪಾಡು ಹೇಳುವಂತಿರಲಿಲ್ಲ. ಹೆಂಗಸರು ರಾತ್ರಿಯ ಊಟ ಬಿಟ್ಟರು. ಆಮೇಲೆ ನೀರು ಬಿಟ್ಟರು.

ರುದ್ರವ್ವನ ಮಗಳು ರೇಣು ಪುಣೆಯ ಕ್ಯಾಂಪ್ ಬಡಾವಣೆಯ ಫ್ಲಾಟುಗಳಲ್ಲಿ ಮನೆಗೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ಒಂದೊಂದು ಫ್ಲಾಟಿಗೆ ಎರಡೆರಡು ಬಾತ್‌ರೂಮು. ಬಿಳಿ ಕಮೋಡಿಗೆ ಬ್ರಷ್ ಹಾಕಿ ತಿಕ್ಕುತ್ತಿದ್ದಳು, ನೆಲ ಒರೆಸುತ್ತಿದ್ದಳು, ಕನ್ನಡಿ ಹೊಳೆಯುವಂತೆ ಮಾಡುತ್ತಿದ್ದಳು. ಕೂರುವಂತಿರಲಿಲ್ಲ. ಸೇರಿದ ದಿನವೇ ಮನೆಯೊಡತಿ ಬಾಯಿಯವರು ಹೇಳಿದ್ದರು, ನಮ್ಮದು ಉಪಯೋಗಿಸಬಾರದು ಅಂತ. ಮೊದಲು ಅದು ಅಷ್ಟು ಕಷ್ಟವಾಗಿರಲಿಲ್ಲ, ವಸ್ತಿಯಲ್ಲೇ ಮುಗಿಸಿಕೊಂಡು ಹೋಗುತ್ತಿದ್ದಳು. ಈಗ ಮುಂಜಾನೆಯಿಂದ ಸಂಜೆಯವರೆಗೆ ತೊಡೆ ಬಿಗಿಹಿಡಿದು ನೆಲ ಒರೆಸುತ್ತಿದ್ದಳು. ಚಹಾ ಕೊಟ್ಟರೆ ಬೇಡವೆನ್ನುತ್ತಿದ್ದಳು. ಬಾಯಿಯವರು ಹುಡುಗಿ ಭಾಳ ಸಂಕೋಚದವಳು ಅಂದುಕೊಂಡರು.

ತಿಂಗಳು ಕಳೆದರೂ ಬೀಗ ತೆಗೆಯಲಿಲ್ಲ. ರುದ್ರವ್ವ ವಾರ್ಡ್ ಆಫೀಸಿಗೆ ಹೋದಳು. ಅಲ್ಲಿ ಬಿಂದುಮಾಧವ ಅಂತ ಒಬ್ಬ ಕ್ಲಾರ್ಕ್ ಇದ್ದ. ಧಾರವಾಡದವನು. ವಸ್ತಿಯವರೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದ, ರೀ ಹಚ್ಚಿ ಕರೆಯುತ್ತಿದ್ದ. ಅವಳನ್ನು ಕೂಡ್ರಲು ಹೇಳಿದ. ಅವಳು ಕೂಡಲಿಲ್ಲ, ಸೀರೆ ಹೊಲಸಾಗಿತ್ತು.

"ನೋಡ್ರಿ ರುದ್ರವ್ವ, ನಿಮಗ ಖರೆ ಹೇಳ್ತೀನಿ," ಎಂದ. "ಜಾಗಾ ನಮ್ಮದು. ಸಂಡಾಸ ನಮ್ಮದು. ಕೀಲಿ ನಾವು ಹಾಕಿಲ್ಲ. ಆದ್ರ ದೇವರ ಕಟ್ಟಿ ಕೆಡವಬೇಕಂದ್ರ ಪೊಲೀಸ್ ಬಂದೋಬಸ್ತ ಬೇಕು. ಪೊಲೀಸ್ರು ಗಲಾಟಿ ಆಗತದ ಅಂತಾರ. ಸಾಹೇಬ್ರು ಎಲೆಕ್ಷನ್ ಮುಗೀಲಿ ಅಂತಾರ."

"ಅಲ್ಲೀತನಕ ಹೆಂಗಸ್ರು ಏನ್ ಮಾಡ್ಬೇಕ್ರಿ?"

ಬಿಂದುಮಾಧವ ಫ್ಯಾನಿನ ಕಡೆ ನೋಡಿದ. ದನಿ ತಗ್ಗಿಸಿ ಅಂದ: "ಇನ್ನೂ ಪ್ರತಿಷ್ಠಾಪನಾ ಆಗಿಲ್ಲ. ಮೂರ್ತಿ ಸುಮ್ಮನ ಕಟ್ಟಿ ಮ್ಯಾಲೆ ಇಟ್ಟಾರ, ಬರೋ ಶುಕ್ರವಾರ ಮುಹೂರ್ತ ಅದ. ಹೋಮಾ ಮಾಡಿ ಸಿಮೆಂಟ್ ಹಾಕಿದ್ರ ಮುಗೀತು. ಆಮ್ಯಾಲೆ ನಮ್ಮ ಕಮಿಶನರೂ ಮುಟ್ಟೂದಿಲ್ಲ. ನಾ ಇದನ್ನ ಹೇಳೀನಿ ಅಂತ ಎಲ್ಲೂ ಅನಬ್ಯಾಡ್ರಿ."

ಅವನಿಂದ ಆದದ್ದು ಅಷ್ಟೇ.

ಆ ವಾರವೇ ರೇಣು ಬಿದ್ದಳು. ಫ್ಲಾಟಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಚಳಿ ಬಂದು ನಡುಗಿ ಕೆಳಗೆ ಕುಸಿದಳು. ಮೈ ಕಾದ ಹೆಂಚಿನಂತಾಗಿತ್ತು. ಬಾಯಿಯವರು ರಿಕ್ಷಾ ಮಾಡಿ ಕಳಿಸಿದರು. ಸರ್ಕಾರಿ ದವಾಖಾನೆಯಲ್ಲಿ ಕಾಟು ಸಿಗಲಿಲ್ಲ, ನೆಲಕ್ಕೆ ಹಾಸಿದರು. ಉಚ್ಚೆಯಲ್ಲಿ ರಕ್ತ ಹೋಗುತ್ತಿತ್ತು. ಬೆನ್ನು ಮುಟ್ಟಿದರೆ ಚೀರುತ್ತಿದ್ದಳು.

ಎಳೆ ವಯಸ್ಸಿನ ಡಾಕ್ಟರಬಾಯಿ ಬಂದು ಮರಾಠಿಯಲ್ಲಿ ಕೇಳಿದಳು, "ನೀರು ಯಾಕೆ ಕುಡಿಯೋದಿಲ್ಲ ನೀನು? ಸೋಂಕು ಕಿಡ್ನಿಗೆ ಏರಿದೆ. ಯಾಕೆ ಇಷ್ಟು ತಡೆದುಕೊಳ್ಳುತ್ತೀ?"

ರೇಣು ಗೋಡೆಯ ಕಡೆ ಮುಖ ತಿರುಗಿಸಿದಳು. ರುದ್ರವ್ವ ಹೇಳಿದಳು, "ಹೋಗಲಿಕ್ಕೆ ಜಾಗ ಇಲ್ಲ ಬಾಯಿ."

"ಜಾಗ ಇಲ್ಲ ಅಂದರೆ ಹೇಗೆ? ನೀವೇನು ಕೆಲಸ ಮಾಡುತ್ತೀರಿ?"

"ಸಂಡಾಸು ತೊಳೀತೀನಿ."

ಡಾಕ್ಟರಬಾಯಿ ಬರೆಯುವುದನ್ನು ನಿಲ್ಲಿಸಿದಳು.

ರುದ್ರವ್ವ ರೇಣುವಿನ ಹತ್ತಿರ ನೆರೆಯವಳೊಬ್ಬಳನ್ನು ಕೂಡಿಸಿ ನೇರ ಟೈಲ್ಸ್ ಅಂಗಡಿಗೆ ಬಂದಳು. ಅಪ್ಪಾಸಾಹೇಬ ಗಲ್ಲಾದ ಮೇಲಿದ್ದ. ಅವಳು ಮೆಟ್ಟಿಲು ಹತ್ತುತ್ತಿದ್ದಂತೆ ಕೈ ಎತ್ತಿ ತಡೆದ.

"ಅಲ್ಲೇ ನಿಂತು ಮಾತಾಡು."

ಅಲ್ಲೇ ನಿಂತಳು. "ಕೀಲಿಕೈ ಕೊಡ್ರಿ ಸಾವ್ಕಾರ್ರ. ಮಗಳು ದವಾಖಾನ್ಯಾಗ ಬಿದ್ದಾಳ. ಉಚ್ಚಿ ಕಟ್ಟಿ ಕಟ್ಟಿ ರಗತ ಹೊಂಟದ."

"ಔಷಧಕ್ಕೇನರ ಬೇಕಂದ್ರ ಹೇಳು, ಕೊಡ್ತೀನಿ. ಕೀಲಿ ಮಾತು ತಗಿಬ್ಯಾಡ. ಅದು ಮಂಡಳದ ನಿರ್ಣಯ."

"ಹೆಂಗಸ್ರು ಎಲ್ಲಿ ಹೋಗ್ಬೇಕ್ರಿ?"

"ಸಂಡಾಸ ಕಟ್ಟೂಕಿಂತ ಮೊದಲ ಎಲ್ಲಿ ಹೋಗ್ತಿದ್ರಿ? ಊರಾಗ ಇದ್ದಾಗ ಎಲ್ಲಿ ಹೋಗ್ತಿದ್ರಿ?" ಅಪ್ಪಾಸಾಹೇಬನ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಸಿ ಹೇಳುವವನಂತೆ ಹೇಳಿದ. "ನೀನೂ ದೇವಿಗೆ ನಡ್ಕೊಳ್ಳಾಕಿನ ಇದ್ದಿ. ಮುಟ್ಟಾದ ಹೆಂಗಸ್ರು, ಡಬ್ಬಿ ಹಿಡ್ಕೊಂಡು, ದೇವಿ ಮುಂದ ಹಾದು ಸಂಡಾಸಕ್ಕ ಹೋದ್ರ ಹೆಂಗ ನಡೀತದ? ನೀನ ಹೇಳು."

"ಹಂಗಂದ್ರ ದೇವಿನ್ನ ಸಂಡಾಸದ ಬಾಗಲದಾಗ ಯಾಕ ಕೂಡಿಸಿದ್ರಿ?"

ಅಪ್ಪಾಸಾಹೇಬ ಬೇರೆ ಮಾತು ತೆಗೆದ. "ಶುಕ್ರವಾರ ಪ್ರತಿಷ್ಠಾಪನಾ ಅದ. ದೊಡ್ಡ ಮಂದಿ ಬರ್ತಾರ. ಗುರುವಾರ ಬಂದು ಕಟ್ಟಿ ಸುತ್ತ ಎಲ್ಲಾ ಹಸನಾಗಿ ತೊಳದು ಕೊಡು, ವಾಸನಿ ಬರಬಾರದು. ನಿನಗೊಂದು ಸೀರಿ ಕೊಡ್ತೀನಿ. ಶುಕ್ರವಾರ ಮಾತ್ರ ಈ ಕಡೆ ಬರಬ್ಯಾಡ. ಕುಂಕುಮ, ಪ್ರಸಾದ ಮನಿಗೆ ಕಳಸ್ತೀನಿ."

ರುದ್ರವ್ವ ಇಳಿದು ಹೋದಳು. ಹಿಂದೆ ನೀರು ಚೆಲ್ಲುವ ಸಪ್ಪಳ ಕೇಳಿತು. ಅವಳು ನಿಂತ ಮೆಟ್ಟಿಲನ್ನು ಆಳು ತೊಳೆಯುತ್ತಿದ್ದ.

ಆ ರಾತ್ರಿ ದವಾಖಾನೆಯ ನೆಲದ ಮೇಲೆ ಅವಳಿಗೆ ನಿದ್ದೆ ಬರಲಿಲ್ಲ. ಮಗಳು ನರಳುತ್ತಿದ್ದಳು. ನರ್ಸು ಕ್ಯಾಥೆಟರ್ ಹಾಕಿದ್ದಳು. ರಬ್ಬರಿನ ನಳಿಗೆಯಲ್ಲಿ ಕೆಂಪು ನೀರು ಇಳಿಯುವುದನ್ನು ರುದ್ರವ್ವ ನೋಡುತ್ತ ಕೂತಳು. ಇಷ್ಟು ವರ್ಷ ಊರಿನವರ ಹೊಲಸು ತೆಗೆದವಳು ನಾನು. ನನ್ನ ಮಗಳಿಗೆ ಕೂರಲು ಒಂದು ಜಾಗ ಇಲ್ಲ. ಅದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಗುರುವಾರ ಬೆಳಿಗ್ಗೆ ರಸ್ತೆಗೆ ಮಂಟಪ ಹಾಕಿದ್ದರು. ಸ್ಪೀಕರಿನಲ್ಲಿ ಭಜನೆ ಹತ್ತಿತ್ತು. ರುದ್ರವ್ವ ಪೊರಕೆ, ಬಕೆಟ್ಟು, ಹಾರೆ ಹಿಡಿದು ಬಂದಳು. ಮಂಡಳದ ಹುಡುಗರು ಅವಳನ್ನು ತಡೆಯಲಿಲ್ಲ. ತೊಳೆಯಲು ಕರೆಸಿದವರೇ ಅವರು. ಇನ್ನೊಂದು ಬಾಲ್ದಿ ನೀರು ಬೇಕಾದರೆ ನಳ ಅಲ್ಲಿದೆ ಎಂದು ತೋರಿಸಿ ಚಹಾ ಕುಡಿಯಲು ಹೋದರು.

ಅವಳು ಮೊದಲು ತೊಳೆದಳು. ರಸ್ತೆ ತೊಳೆದಳು, ಗಟಾರ ಬಳಿದಳು, ಕಟ್ಟೆ ತೊಳೆದಳು. ಆ ಹೊತ್ತಿಗೆ ವಸ್ತಿಯ ಹೆಂಗಸರು ಬರತೊಡಗಿದರು. ಹಿಂದಿನ ಸಂಜೆ ಅವಳು ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದ್ದಳು: ಡಬ್ಬಿ ತಗೊಂಡು ಬರ್ರಿ. ಎಲ್ಲರೂ ಬರಲಿಲ್ಲ. ಬಂದವರೇ ಸಾಕಷ್ಟಿದ್ದರು. ಕಾಯಿಪಲ್ಲೆ ಮಾರುವ ಮುದುಕಿ ಗೌರಾಬಾಯಿ ಎಲ್ಲರಿಗಿಂತ ಮುಂದಿದ್ದಳು.

ರುದ್ರವ್ವ ಕೈ ಒರೆಸಿಕೊಂಡು ದೇವಿಯ ಮುಂದೆ ನಿಂತಳು.

ನರ್ಮದಾ ಅವಳ ಸೆರಗು ಹಿಡಿದಳು. "ರುದ್ರವ್ವಾ, ಬ್ಯಾಡ. ದೇವಿ ಸಿಟ್ಟ ಆದ್ರ?"

"ಆದ್ರ ನನ್ನ ಮ್ಯಾಲೆ ಆಗ್ಲಿ. ಎತ್ತಾಕಿ ನಾನು."

ಬೊಗ್ಗಿ ಎರಡೂ ಕೈ ಹಾಕಿದಳು. ಇಷ್ಟು ವರ್ಷದಲ್ಲಿ ಅವಳು ಯಾವ ದೇವರನ್ನೂ ಮುಟ್ಟಿರಲಿಲ್ಲ. ಊರಲ್ಲಿ ಗುಡಿಯ ಹೊರಗೆ ನಿಂತು ಕೈಮುಗಿದವಳು. ಕಲ್ಲು ತಣ್ಣಗಿತ್ತು, ಎಣ್ಣೆ ಹಚ್ಚಿದ್ದರಿಂದ ಜಾರುತ್ತಿತ್ತು. ಒಮ್ಮೆ ಕೈ ಹಿಂದಕ್ಕೆ ತೆಗೆದಳು. ಆಮೇಲೆ ಸೆರಗನ್ನು ಕೈಗೆ ಸುತ್ತಿಕೊಂಡು, ಹಲ್ಲು ಕಚ್ಚಿ, ಎತ್ತಿ ಟೊಂಕದ ಮೇಲೆ ಇಟ್ಟುಕೊಂಡಳು. ಭಾರಕ್ಕೆ ಒಂದು ಮಗ್ಗುಲಿಗೆ ವಾಲಿದಳು. ಬೀಳಿಸಲಿಲ್ಲ.

ಹೆಂಗಸರು ದಾರಿ ಬಿಟ್ಟರು. ಟೈಲ್ಸ್ ಅಂಗಡಿಯ ಮೆಟ್ಟಿಲು ಹತ್ತಿದಳು. ಒಳಗೆ ಹೋದಳು. ಅಪ್ಪಾಸಾಹೇಬ ಫೋನಿನಲ್ಲಿ ಮಾತಾಡುತ್ತಿದ್ದವನು ರಿಸೀವರು ಹಿಡಿದೇ ಎದ್ದು ನಿಂತ. ಅವಳು ಗಲ್ಲಾದ ಪಕ್ಕದ ಟೈಲ್ಸಿನ ಅಟ್ಟಿಯ ಮೇಲೆ ದೇವಿಯನ್ನು ಕೂಡಿಸಿದಳು. ವಾಲದಂತೆ ಸರಿಮಾಡಿದಳು.

"ನಿಮ್ಮ ದೇವಿ ನಿಮ್ಮ ಅಂಗಡ್ಯಾಗ ಇರ್ಲಿ ಸಾವ್ಕಾರ್ರ. ಅಲ್ಲಿ ನಮಗ ಜಾಗಾ ಬೇಕು."

"ನೀ ಮುಟ್ಟಿದಿ," ಎಂದ ಅವನು.

"ಹೌದ್ರಿ. ಮುಟ್ಟದ ಹೆಂಗ ಎತ್ತಲಿ?"

ಅಪ್ಪಾಸಾಹೇಬ ದೇವಿಯ ಹತ್ತಿರ ಬರಲಿಲ್ಲ. ರುದ್ರವ್ವ ಮುಟ್ಟಿದ್ದನ್ನು ಅವನು ಮುಟ್ಟುವಂತಿರಲಿಲ್ಲ. ಆಳುಗಳೂ ಮುಟ್ಟಲಿಲ್ಲ. ಎಲ್ಲರೂ ನೋಡುತ್ತ ನಿಂತರು.

ಅವಳು ಹೊರಬಂದು ಹಾರೆ ಎತ್ತಿದಳು. ಕಟ್ಟೆಯ ಇಟ್ಟಿಗೆ ನಾಲ್ಕು ಪೆಟ್ಟಿಗೆ ಕಳಚಿದವು. ಬೀಗ ಗಟ್ಟಿ ಇತ್ತು. ಸರಪಳಿಯ ಸಂದಿಗೆ ಹಾರೆ ತುರುಕಿ ಮೈಭಾರ ಹಾಕಿ ಜಗ್ಗಿದಳು. ಗೌರಾಬಾಯಿ ಬಂದು ಕೈ ಹಚ್ಚಿದಳು. ಕೊಂಡಿ ಹರಿಯಿತು. ಬಾಗಿಲು ಒಳಕ್ಕೆ ಹೋಗಿ ಗೋಡೆಗೆ ಬಡಿಯಿತು. ಒಳಗೆ ಜೇಡರ ಬಲೆ ಕಟ್ಟಿತ್ತು, ಒಣಗಿದ ವಾಸನೆ ಬಂತು. ಮೊದಲು ಒಳಗೆ ನುಗ್ಗಿದವಳು ನರ್ಮದಾ. ಅವಳಿಗೆ ಅವಸರ ಇತ್ತು.

ಅಷ್ಟರಲ್ಲಿ ಮಂಡಳದ ಹುಡುಗರು ಓಡಿಬಂದರು. ಒಬ್ಬ ರುದ್ರವ್ವನ ತುರುಬು ಹಿಡಿದು ಎಳೆದ. ಇನ್ನೊಬ್ಬ ಬೆನ್ನಿಗೆ ಒದ್ದ. ಅವಳು ಮೊಣಕಾಲ ಮೇಲೆ ಬಿದ್ದಳು. ಹಾರೆ ಬಿಡಲಿಲ್ಲ, ಎತ್ತಲೂ ಇಲ್ಲ. ಗೌರಾಬಾಯಿ ಡಬ್ಬಿಯ ನೀರನ್ನು ಹುಡುಗನ ಮುಖಕ್ಕೆ ಎರಚಿದಳು. ಅದು ಯಾವ ನೀರೋ ಅವನಿಗೆ ಗೊತ್ತಾಗಲಿಲ್ಲ. ಹೇಸಿಕೊಂಡು ಹಿಂದೆ ಸರಿದ. ಉಳಿದ ಹೆಂಗಸರೂ ಡಬ್ಬಿ ಎತ್ತಿದರು. ಹುಡುಗರು ನಿಂತಲ್ಲೇ ನಿಂತರು.

ಪೊಲೀಸರು ಬಂದು ರುದ್ರವ್ವನನ್ನು ಜೀಪಿಗೆ ಹತ್ತಿಸಿದರು.

ಚೌಕಿಯಲ್ಲಿ ನೆಲದ ಮೇಲೆ ಕೂಡಿಸಿದರು. ಮಧ್ಯಾಹ್ನ ಅಪ್ಪಾಸಾಹೇಬ, ಅವನ ಹಿಂದೆ ಮಂಡಳದವರು ಬಂದರು. ಇನ್‌ಸ್ಪೆಕ್ಟರು ಸಮಾಧಾನದಿಂದ ಮರಾಠಿಯಲ್ಲಿ ಹೇಳಿದ, "ಇವರು ದೊಡ್ಡ ಮನಸ್ಸು ಮಾಡಿದ್ದಾರೆ. ನೀನು ಮಂಟಪದ ಮುಂದೆ ನೆಲಕ್ಕೆ ಮೂಗು ತಿಕ್ಕಿ ತಪ್ಪಾಯಿತು ಅನ್ನು. ಕೇಸು ಬೇಡ ಅಂತಾರೆ."

"ಬಾಗಲಾ ತೆಗದೇ ಇರತದೇನ್ರಿ?" ರುದ್ರವ್ವ ಅಪ್ಪಾಸಾಹೇಬನನ್ನು ಕನ್ನಡದಲ್ಲಿ ಕೇಳಿದಳು.

ಅವನು ಇನ್‌ಸ್ಪೆಕ್ಟರನ ಕಡೆ ನೋಡಿದ.

"ಹಂಗಂದ್ರ ಕೇಸು ಮಾಡ್ರಿ," ಎಂದಳು.

ಹೊತ್ತು ಇಳಿಯಿತು. ಅವಳಿಗೆ ಹೊಟ್ಟೆಯ ಕೆಳಗೆ ಒತ್ತಿ ಬರುತ್ತಿತ್ತು. ಹವಾಲ್ದಾರನಿಗೆ ಕೇಳಿದಳು. ಇಲ್ಲಿ ಹೆಂಗಸರಿಗೆ ವ್ಯವಸ್ಥೆ ಇಲ್ಲ ಎಂದ. ಹೇಳಿದ್ದು ಏನೆಂದು ಅವನಿಗೂ ಆ ಕ್ಷಣದಲ್ಲಿ ಹೊಳೆದಂತಿತ್ತು. ಟೋಪಿ ಸರಿಮಾಡಿಕೊಂಡ.

ಚೌಕಿಯ ಹೊರಗೆ ವಸ್ತಿಯ ಹೆಂಗಸರು ಬೆಳಿಗ್ಗೆಯಿಂದ ಕೂತಿದ್ದರು. ಹೋಗಿರಿ ಎಂದರೆ ಹೋಗುತ್ತಿರಲಿಲ್ಲ. ಗೌರಾಬಾಯಿ ಬಾಗಿಲಿಗೆ ಬಂದು ತನ್ನ ಹರಕು ಮರಾಠಿಯಲ್ಲಿ ಇನ್‌ಸ್ಪೆಕ್ಟರನಿಗೆ ಹೇಳಿದಳು, "ಸಾಹೇಬ, ಅವಳನ್ನು ಬಿಡುವವರೆಗೆ ನಾವು ಏಳೋದಿಲ್ಲ. ನಾವೂ ಮನುಷ್ಯರು, ನಮಗೂ ಬರುತ್ತದೆ. ಎಲ್ಲಿ ಕೂರಬೇಕು ನೀವೇ ಜಾಗ ತೋರಿಸಿ. ಇಲ್ಲವಾದರೆ ಕೂತಲ್ಲೇ ಮುಗಿಸುತ್ತೇವೆ."

ಇನ್‌ಸ್ಪೆಕ್ಟರು ಹೊರಗೆ ಇಣುಕಿ ನೋಡಿದ. ಚೌಕಿಯ ಮೆಟ್ಟಿಲಿಂದ ಗೇಟಿನವರೆಗೆ ಸೀರೆಗಳೇ ಇದ್ದವು. ದೀಪ ಹಚ್ಚುವ ಹೊತ್ತಿಗೆ ಜಾಮೀನು ಬರೆಸಿಕೊಂಡು ಅವಳನ್ನು ಬಿಟ್ಟ.

ಶುಕ್ರವಾರ ಪ್ರತಿಷ್ಠಾಪನೆ ಆಗಲಿಲ್ಲ. ಭಟ್ಟರು ಬಂದು ಶುದ್ಧಿ ಆಗಬೇಕು, ಮುಹೂರ್ತ ಮತ್ತೆ ನೋಡಬೇಕು, ಅಲ್ಲಿಯವರೆಗೆ ಮೂರ್ತಿಯನ್ನು ಕದಲಿಸಬಾರದು ಅಂದರು. ದೇವಿ ತಿಂಗಳುಗಟ್ಟಲೆ ಟೈಲ್ಸಿನ ಅಟ್ಟಿಯ ಮೇಲೆ ಕೂತಳು. ಕೊನೆಗೆ ಅಪ್ಪಾಸಾಹೇಬ ಅಂಗಡಿಯ ಒಂದು ಮೂಲೆಗೇ ಗೋಡೆ ಎತ್ತಿಸಿ ಗುಡಿ ಮಾಡಿದ. ಸಂಡಾಸಿನ ಮೆಟ್ಟಿಲಿಗೆ ಮತ್ತೆ ಯಾರೂ ಇಟ್ಟಿಗೆ ತರಲಿಲ್ಲ. ಹೆಂಗಸರು ಪಾಳಿ ಹಚ್ಚಿ ಕಾದರು.

ಮುಕಾದಮ ರುದ್ರವ್ವನನ್ನು ಕೆಲಸದಿಂದ ತೆಗೆದ. ಅವಳು ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋದಳು. ನಡುವಯಸ್ಸು ದಾಟಿದ ಬೆನ್ನು, ಒದೆ ತಿಂದ ಬೆನ್ನು. ಸಂಜೆಗೆ ಮಗ್ಗುಲು ಹೊರಳಲಿಕ್ಕಾಗುತ್ತಿರಲಿಲ್ಲ. ರೇಣು ಗುಣವಾದಳು. ಒಂದು ಕಿಡ್ನಿ ಸಣ್ಣಗಾಗಿದೆ, ಜೀವನಪೂರ್ತಿ ಜೋಪಾನ ಎಂದರು.

ಕೇಸು ಮುಗಿಯಲು ವರ್ಷಗಳೇ ಹಿಡಿದವು. ತಾರೀಖಿಗೆ ಹೋದ ದಿನ ಕೂಲಿ ಇಲ್ಲ. ಎರಡು ಆರೋಪ ಇದ್ದವು, ಬೀಗ ಮುರಿದದ್ದು, ಧಾರ್ಮಿಕ ಭಾವನೆಗೆ ನೋವು ಮಾಡಿದ್ದು. ಎರಡು ಸಾವಿರದ ಮೂರರಲ್ಲಿ ಮ್ಯಾಜಿಸ್ಟ್ರೇಟರು ಬೀಗ ಯಾರದು ಎಂದು ಕೇಳಿದರು. ಕಾರ್ಪೊರೇಶನ್ನಿನವರು ತಮ್ಮದಲ್ಲ ಎಂದರು. ಅಪ್ಪಾಸಾಹೇಬನೂ ತನ್ನದಲ್ಲ ಎಂದ. ತನ್ನದೆಂದರೆ ಸರ್ಕಾರಿ ಬಾಗಿಲಿಗೆ ಬೀಗ ಹಾಕಿದವನು ತಾನಾಗುತ್ತಿದ್ದ. ಆ ಆರೋಪ ಬಿದ್ದುಹೋಯಿತು.

ಎರಡನೆಯದಕ್ಕೆ ವಕೀಲ ಅವಳಿಗೆ ಹೇಳಿಕೊಟ್ಟಿದ್ದ. ಮೂರ್ತಿ ಯಾರು ಎತ್ತಿದರೋ ಗೊತ್ತಿಲ್ಲ, ಗದ್ದಲ ಇತ್ತು ಅನ್ನು. ಅಪ್ಪಾಸಾಹೇಬನ ಹೊರತು ಬೇರೆ ಸಾಕ್ಷಿಗಳು ಬಂದಿಲ್ಲ, ಬಿಡುಗಡೆ ಆಗುತ್ತದೆ.

ಮ್ಯಾಜಿಸ್ಟ್ರೇಟರು ಕೇಳಿದರು. ದುಭಾಷಿ ಕನ್ನಡದಲ್ಲಿ ಹೇಳಿದ.

"ನಾನ ಎತ್ತೀನ್ರಿ," ಎಂದಳು ರುದ್ರವ್ವ. ವಕೀಲ ಹಣೆ ಹಿಡಿದುಕೊಂಡ. "ಮತ್ತ್ಯಾರೂ ಅಲ್ಲ. ನಾ ಒಬ್ಬಾಕಿನ. ಎತ್ತಬಾರದಿತ್ತು ಅಂತ ನನಗ ಇವತ್ತಿಗೂ ಅನಿಸಿಲ್ಲ."

ದುಭಾಷಿ ಕೊನೆಯ ಮಾತನ್ನು ಹೇಳಲು ಹಿಂದೆಮುಂದೆ ನೋಡಿದ. ಅವಳು ಅವನ ಮುಖ ನೋಡುತ್ತಲೇ ನಿಂತಳು. ಅವನು ಹೇಳಿದ.

ಆ ದಿನದ ಕಲಾಪ ಮುಗಿದು ಕೋರ್ಟು ಏಳುವವರೆಗೆ ಕೋರ್ಟಿನಲ್ಲೇ ಕೂತಿರಬೇಕೆಂದು ಶಿಕ್ಷೆಯಾಯಿತು. ಹಿಂದಿನ ಬೆಂಚು ತೋರಿಸಿದರು. ಅವಳು ನೆಲಕ್ಕೆ ಕೂರಲು ಹೋದಳು. ಪೊಲೀಸಿನವನು ಬೆಂಚಿನ ಮೇಲೇ ಕೂರಬೇಕು ಎಂದ, ಶಿಕ್ಷೆ ಹಾಗೇ ಇದೆ ಎಂದ. ಕೂತಳು. ಅವಳ ಪಕ್ಕಕ್ಕೆ ಕರಿಕೋಟಿನ ವಕೀಲನೊಬ್ಬ ಬಂದು ಕೂತ. ಮುಂದಿನ ಬೆಂಚಿನಲ್ಲಿ ಅಪ್ಪಾಸಾಹೇಬ ಒಮ್ಮೆ ಹಿಂತಿರುಗಿ ನೋಡಿ ಎದ್ದು ಹೋದ. ರುದ್ರವ್ವ ಸಂಜೆಯವರೆಗೆ ಕದಲಲಿಲ್ಲ.

ಹೊರಗೆ ರೇಣು ಕಾದಿದ್ದಳು. "ಏನಂದ್ರವ್ವ?"

"ಕೂಡು ಅಂದ್ರು," ಎಂದಳು ರುದ್ರವ್ವ. "ಕೂತೆ."